ತಿರುಗಿ ಕಳಿಸಿದ ಗಿರಾಕಿ

(ಹಾವೇರಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಈ ದತ್ತಿ ಇಟ್ಟ ಮನೆಯವರು ವಿಷಯವನ್ನೂ ತಾವೇ ಆರಿಸಿ ಬರೆದು ಕಳಿಸಿದ್ದರು: ‘ಕುಡಿತದ ಪಿಡುಗು ತಡೆಯುವಲ್ಲಿ ಮದ್ಯ ಉದ್ಯಮದ ಪಾತ್ರ’. ಕಾಗದ ಓದಿ ನನಗೆ ನಗು ಬಂತು. ಹಾಲು ಕಾಯಲು ಬೆಕ್ಕನ್ನು ಕೂರಿಸಿ, ಬೆಕ್ಕಿನ ಕಾವಲುಗಾರಿಕೆ ಹೇಗಿದೆ ಎಂದು ಭಾಷಣ ಮಾಡಿಸಿದಂತೆ. ಆದರೆ ಯಾವ ತಾಯಿಯ ಹೆಸರಿನಲ್ಲಿ ಈ ದತ್ತಿ ಇದೆಯೋ ಆ ತಾಯಿ ಹೇಗೆ ಬದುಕಿದರು, ಆ ಮನೆಯ ಹೊಲ ಯಾವ ಲೆಕ್ಕಕ್ಕೆ ಹೋಯಿತು ಎಂದು ಕೇಳಿ ತಿಳಿದ ಮೇಲೆ ನಗು ನಿಂತಿತು. ಆ ಕಥೆ ಅವರದು, ನಾನು ಇಲ್ಲಿ ಹೇಳುವುದಿಲ್ಲ. ಅಂಥ ಕಥೆ ಇಲ್ಲದ ಓಣಿ ನಮ್ಮ ಜಿಲ್ಲೆಯಲ್ಲಿ ಇದ್ದರೆ ನನಗೆ ತೋರಿಸಿ.

ನಮ್ಮ ಕಡೆ ಇಂಥ ಭಾಷಣ ಸರ್ವಜ್ಞನ ತ್ರಿಪದಿಯಿಂದ ಶುರುವಾಗುವುದು ವಾಡಿಕೆ. ನಾನು ಬ್ಯಾಡಗಿಯ ಒಂದು ಕಿಂಡಿಯಿಂದ ಶುರು ಮಾಡುತ್ತೇನೆ.

ಮೆಣಸಿನಕಾಯಿ ಸುಗ್ಗಿಯ ಒಂದು ಗುರುವಾರ, ಟೆಂಡರ್ ದಿನ, ಕೆಲಸದ ಮೇಲೆ ಅಲ್ಲಿಗೆ ಹೋಗಿದ್ದೆ. ನಿಮಗೆ ಗೊತ್ತಿರುವುದೇ: ಊರೆಲ್ಲ ಘಾಟು, ಬಸ್ಸಿನಿಂದ ಇಳಿದವನು ಮೊದಲು ಸೀನಿ ಆಮೇಲೆ ದಾರಿ ಕೇಳುತ್ತಾನೆ. ಸಂಜೆಯ ಹೊತ್ತಿಗೆ ಹಮಾಲರು ಮೈ ಕೊಡವಿಕೊಂಡು, ದಿನವಿಡೀ ತೊಟ್ಟು ಬಿಡಿಸಿದ ಹೆಂಗಸರು ಉರಿಯುವ ಬೆರಳು ಸೆರಗಿಗೆ ಒರೆಸಿಕೊಂಡು ಹೊರಟಿದ್ದರು. ದಾರಿಯಲ್ಲಿ ಒಂದು ವೈನ್‌ಶಾಪು. ಮುಂದೆ ಕಬ್ಬಿಣದ ಜಾಳಿಗೆ, ಜಾಳಿಗೆಗೆ ಒಂದು ಕಿಂಡಿ. ಗಂಡಸರ ನೂಕುನುಗ್ಗಲಿನ ನಡುವೆ ಒಬ್ಬ ಹುಡುಗ. ಕೆಳಗೆ ಶಾಲೆಯ ಪ್ಯಾಂಟು, ಮೇಲೆ ಕೆಂಪು ಕ್ರಿಕೆಟ್ ಅಂಗಿ. ಒಂಬತ್ತನೆಯ ಇಯತ್ತೆ ಇರಬಹುದು, ಮೀಸೆ ಇನ್ನೂ ಬರಲೋ ಬೇಡವೋ ಎನ್ನುತ್ತಿತ್ತು. ಮಡಚಿದ ನೋಟು ಕಿಂಡಿಯೊಳಗೆ ತೂರಿಸಿದ. ಒಳಗಿನಿಂದ ಎರಡು ನೈಂಟಿ ಪಾಕೀಟು ಬಂದವು, ಚಿಲ್ಲರೆ ಬಂತು, ಮುಗಿಯಿತು. ಆ ಕಿಂಡಿ ದೊಡ್ಡವರ ಎದೆಮಟ್ಟಕ್ಕಿತ್ತು. ಒಳಗೆ ನಿಂತವನಿಗೆ ಕಾಣುವುದು ನೋಟು ಹಿಡಿದ ಕೈ ಮಾತ್ರ. ಕೈ ನೋಡಿ ಯಾರಿಗೆ ವಯಸ್ಸು ತಿಳಿಯುತ್ತದೆ?

ನಾನು ಹುಡುಗನನ್ನು ತಡೆದು ಕೇಳಿದೆ: “ಯಾರಿಗೋ ತಮ್ಮಾ ಇದು?”

“ನಮ್ಮಪ್ಪಗ್ರೀ. ಚೀಲ ಹೊರಾಕತ್ತಾನ, ಬರಾಕ ಆಗಂಗಿಲ್ರಿ.”

“ಎರಡನೇದ್ದು?”

ಹುಡುಗ ನಕ್ಕು ಓಡಿದ. ಎರಡನೆಯದು ಯಾರಿಗೆ ಎಂಬ ಪ್ರಶ್ನೆಯೇ ಇವತ್ತಿನ ನನ್ನ ಉಪನ್ಯಾಸ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. 1965ರ ಅಬಕಾರಿ ಕಾಯ್ದೆ 18 ವರ್ಷದೊಳಗಿನವರಿಗೆ ಮಾರಬೇಡ ಎನ್ನುತ್ತದೆ. ಅದೇ ಕಾಯ್ದೆಯ ಕೆಳಗೆ 1967ರಲ್ಲಿ ಮಾಡಿದ ಲೈಸೆನ್ಸ್ ನಿಯಮ 21 ಎನ್ನುತ್ತದೆ. ಐವತ್ತು ವರ್ಷಕ್ಕೂ ಮಿಕ್ಕಿ ಎರಡೂ ಒಂದೇ ಮನೆಯಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ ಇದ್ದವು. 2023ರ ಜನವರಿಯಲ್ಲಿ ಸರ್ಕಾರಕ್ಕೆ ಈ ಭಿನ್ನಾಭಿಪ್ರಾಯ ಸರಿಪಡಿಸಬೇಕು ಎನಿಸಿತು. 18 ಅನ್ನು 21ಕ್ಕೆ ಏರಿಸಲಿಲ್ಲ, 21 ಅನ್ನು 18ಕ್ಕೆ ಇಳಿಸುವ ಕರಡು ಹೊರಡಿಸಿತು. ಆಗ ಮುಖ್ಯಮಂತ್ರಿಗಳು ನಮ್ಮ ಶಿಗ್ಗಾವಿಯ ಶಾಸಕರೇ. ಅದೇ ತಿಂಗಳು ನಾವು ಇದೇ ಹಾವೇರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಸಿ ರೊಟ್ಟಿ ಊಟ ಬಡಿಸುತ್ತಿದ್ದೆವು. ರಾಜ್ಯದ ತುಂಬ ಗಲಾಟೆ ಎದ್ದು, ತಿಂಗಳು ಮುಗಿಯುವುದರೊಳಗೆ ಕರಡು ವಾಪಸಾಯಿತು. ಗೆದ್ದೆವು ಎಂದುಕೊಂಡೆವು. ಬ್ಯಾಡಗಿಯ ಕಿಂಡಿಗೆ 21 ಆದರೇನು, 18 ಆದರೇನು?

ಇನ್ನೊಂದು ಕಾನೂನನ್ನು ಹೇಳದೆ ಮುಂದೆ ಹೋಗುವಂತಿಲ್ಲ, ಏಕೆಂದರೆ ಇದು ನಮ್ಮಲ್ಲಿ ಬಹಳ ಜನಕ್ಕೆ ತಿಳಿದಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 77ನೆಯ ಕಲಂ ಪ್ರಕಾರ ಮಗುವಿಗೆ ಮದ್ಯ ಕೊಟ್ಟವರಿಗೆ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷದವರೆಗೆ ದಂಡ. 78ನೆಯ ಕಲಂ ಮಗುವಿನ ಕೈಯಲ್ಲಿ ಮದ್ಯ ಮಾರಿಸುವುದು, ಹೊರಿಸುವುದು, ತರಿಸುವುದನ್ನು ಕುರಿತದ್ದು. ಶಿಕ್ಷೆ ಅಷ್ಟೇ. “ಹೋಗಿ ಒಂದು ಪಾಕೀಟ ತಗೊಂಬಾ” ಎಂದು ಮಗನನ್ನು ಕಳಿಸುವ ಅಪ್ಪ ಇದನ್ನು ಕೇಳಿದರೆ ನಶೆ ಇಳಿದೀತು.

ಇನ್ನು ‘ಉದ್ಯಮ’ ಎಂದರೆ ಯಾರು? ಕಾಗದ ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ದೊಡ್ಡ ಕಂಪನಿ, ದೊಡ್ಡ ಧಣಿ, ವಿಮಾನ. ಆದರೆ ನಮ್ಮ ರಾಜ್ಯದಲ್ಲಿ ಯಾವ ಕಂಪನಿಯೂ ತನ್ನ ಬಾಟಲಿಯನ್ನು ನೇರ ಅಂಗಡಿಗೆ ಇಳಿಸುವಂತಿಲ್ಲ. 2003ರಿಂದ ಸಗಟು ವ್ಯಾಪಾರ ಪೂರ್ತಿ ಸರ್ಕಾರದ ಪಾನೀಯ ನಿಗಮದ ಕೈಯಲ್ಲಿದೆ. ಚಿಲ್ಲರೆಯಲ್ಲೂ ಎಂಎಸ್‌ಐಎಲ್ ಎಂಬ ಸರ್ಕಾರಿ ಸಂಸ್ಥೆಯ ಅಂಗಡಿಗಳಿವೆ. ಮಕ್ಕಳ ನೋಟ್‌ಬುಕ್ ಮಾರುವುದೂ ಅದೇ ಸಂಸ್ಥೆ. 2025-26ರ ಬಜೆಟ್ಟಿನಲ್ಲಿ ಅಬಕಾರಿ ಗುರಿ 40,000 ಕೋಟಿ ರೂಪಾಯಿ. ಭಾಗಿಸಿ ನೋಡಿ, ದಿನಕ್ಕೆ ಹತ್ತಿರ ಹತ್ತಿರ 110 ಕೋಟಿ. ಇದೇ ಸರ್ಕಾರದಡಿ ಮದ್ಯಪಾನ ಸಂಯಮ ಮಂಡಳಿ ಎಂಬುದೂ ಒಂದಿದೆ. ಬೀದಿ ನಾಟಕ, ಪೋಸ್ಟರು, ಪ್ರಶಸ್ತಿ ಅದರ ಕೆಲಸ. ಹಾಗಾಗಿ ಕರ್ನಾಟಕದಲ್ಲಿ ಮದ್ಯ ಉದ್ಯಮದ ಜವಾಬ್ದಾರಿ ಎಂದರೆ ಮೊದಲು ಸರ್ಕಾರದ ಜವಾಬ್ದಾರಿ. ಸರ್ಕಾರ ಎಂದರೆ ನಾವು ಎಂದು ಪೌರನೀತಿ ಪಾಠದಲ್ಲಿ ಓದಿದ್ದೇವೆ. ಗಲ್ಲೆಯ ಮೇಲೆ ಕುಳಿತವರು ನಾವೇ ಎಂದಂತಾಯಿತು.

ಹಿಂದೆ ಹೀಗಿರಲಿಲ್ಲ ಎಂದು ನಮ್ಮ ಹಿರಿಯರು ಹೇಳುವುದರಲ್ಲಿ ಸತ್ಯವಿದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ 1956ರ ತನಕ ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಯಲ್ಲಿದ್ದವು. 1949ರ ಮುಂಬಯಿ ಪಾನನಿಷೇಧ ಕಾಯ್ದೆ ನಮಗೂ ಲಾಗು. ಅದಕ್ಕೂ ಮುಂಚೆ ಗಾಂಧೀಜಿ 1930ರ ಜನವರಿಯಲ್ಲಿ ವೈಸ್‌ರಾಯ್ ಇರ್ವಿನ್ನನ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಮೊದಲನೆಯದೇ ಪೂರ್ಣ ಪಾನನಿಷೇಧ. ನಮ್ಮ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ ದಂಡಿಗೆ ನಡೆದದ್ದು ಅದೇ ವರ್ಷ. ಉಪ್ಪಿನ ನೆನಪು ಉಳಿಯಿತು, ಶೆರೆ ಅಂಗಡಿಗಳ ಮುಂದಿನ ಪಿಕೆಟಿಂಗ್ ಮರೆತುಹೋಯಿತು. ಎಸ್. ನಿಜಲಿಂಗಪ್ಪನವರು 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಈಚಲು ಮರ ಕಡಿಯುವ ಸತ್ಯಾಗ್ರಹಕ್ಕೆ ನಿಂತವರು. ಪಾನನಿಷೇಧ ಬಿಟ್ಟು ಲೈಸೆನ್ಸಿನ ದಾರಿ ಹಿಡಿದ 1965ರ ಕಾಯ್ದೆ ಬಂದದ್ದೂ ಅವರೇ ಮುಖ್ಯಮಂತ್ರಿಯಾಗಿದ್ದಾಗ. ನಾನಿದನ್ನು ಆಡಿಕೊಳ್ಳಲು ಹೇಳುತ್ತಿಲ್ಲ. ಕೊಡಲಿ ಹಿಡಿದ ಕೈಯೂ ಖಜಾನೆಯ ಬೀಗದ ಕೈ ಸಿಕ್ಕಾಗ ಬೇರೆ ಲೆಕ್ಕ ಹಾಕಬೇಕಾಯಿತು. ಅಷ್ಟು ತೂಕ ಈ ಹಣಕ್ಕೆ.

ಆಮೇಲೆ ಸಾರಾಯಿ ಬಂತು, ಪ್ಲಾಸ್ಟಿಕ್ ಚೀಲದಲ್ಲಿ. ಹಲ್ಲಿನಿಂದ ಕಚ್ಚಿ ಹರಿದು ಕುಡಿಯುವುದು. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಹೆಂಗಸರು ಸಂತೋಷಪಟ್ಟರು. ಸಂತೋಷ ಬಹಳ ದಿನ ಬಾಳಲಿಲ್ಲ. ಅದೇ ಗಿರಾಕಿಗೆ, ಹೆಚ್ಚುಕಡಿಮೆ ಅದೇ ಗಾತ್ರದಲ್ಲಿ, ಹಣ್ಣಿನ ರಸ ತುಂಬುವಂಥ ಕಾಗದದ ಡಬ್ಬಿಯಲ್ಲಿ ವಿಸ್ಕಿ ಬಂತು. ತೊಂಬತ್ತು ಎಂ.ಎಲ್., ನೂರು ರೂಪಾಯಿಯೊಳಗೆ, ಅಂಗಿಯ ಜೇಬಿನಲ್ಲಿ ಹಿಡಿಸುವಷ್ಟು. ಬಾಟಲಿಯಾದರೆ ಒಡೆದೀತು, ಸದ್ದಾದೀತು, ಅವ್ವ ಕಂಡಾಳು. ಪಾಕೀಟು ಶಾಲೆಯ ಚೀಲದಲ್ಲಿ ಕಂಪಾಸ್ ಬಾಕ್ಸಿನ ಪಕ್ಕ ಸುಮ್ಮನೆ ಕೂರುತ್ತದೆ. ಹದಿಹರೆಯದವರ ಕುಡಿತ ತಡೆಯುವುದೇ ಉದ್ಯಮದ ಉದ್ದೇಶವಾದರೆ, ಮೊದಲ ಪ್ರಶ್ನೆ ಪೋಸ್ಟರಿನದಲ್ಲ, ಈ ಪಾಕೀಟಿನದು. ಇದನ್ನು ಯಾರ ಜೇಬಿನ ಅಳತೆ ತೆಗೆದುಕೊಂಡು ಮಾಡಿದರು?

ಕಂಪನಿಗಳು ಏನೂ ಮಾಡಿಲ್ಲ ಎನ್ನಲಾರೆ. ಜಗತ್ತಿನ ದೊಡ್ಡ ಮದ್ಯ ಕಂಪನಿಗಳು ಸೇರಿ ‘ಜವಾಬ್ದಾರಿಯುತ ಕುಡಿತ’ಕ್ಕೆಂದೇ ಒಕ್ಕೂಟ ಕಟ್ಟಿಕೊಂಡಿವೆ. ತಮ್ಮ ಎಲ್ಲ ಬಾಟಲಿಗಳ ಮೇಲೂ ವಯೋಮಿತಿಯ ಗುರುತು ಹಾಕುತ್ತೇವೆ ಎಂದು 2020ರಲ್ಲಿ ಮಾತು ಕೊಟ್ಟಿವೆ. ನಮ್ಮ ದೇಶದಲ್ಲಿ 2019ರಿಂದ ಪ್ರತಿ ಬಾಟಲಿಯ ಮೇಲೂ ‘ಆರೋಗ್ಯಕ್ಕೆ ಹಾನಿಕರ, ಕುಡಿದು ವಾಹನ ಓಡಿಸಬೇಡಿ’ ಎಂಬ ಎಚ್ಚರಿಕೆ ಕಡ್ಡಾಯ. ‘ಕುಡಿದು ಓಡಿಸಬೇಡಿ’ ಎಂಬುದು ಕಂಪನಿಗಳಿಗೂ ಬಹಳ ಪ್ರೀತಿಯ ಮಾತು. ಯಾಕೆಂದರೆ ಅದು ಓಡಿಸುವುದನ್ನು ಬಿಡು ಎನ್ನುತ್ತದೆ, ಕುಡಿಯುವುದನ್ನಲ್ಲ.

ಅವರ ಲೆಕ್ಕ ಅರ್ಥವಾಗಬೇಕಾದರೆ ಎರಡು ಅಂಕಿ ಸಾಕು. ಇಂಗ್ಲೆಂಡಿನಲ್ಲಿ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ, ವೈದ್ಯರು ಹೇಳಿದ ಮಿತಿ ಮೀರಿ ಕುಡಿಯುವವರು ಜನಸಂಖ್ಯೆಯ ಕಾಲು ಭಾಗ, ಆದರೆ ಮದ್ಯ ಮಾರಾಟದ ಆದಾಯದಲ್ಲಿ 68 ಪ್ರತಿಶತ ಬರುವುದು ಅವರಿಂದಲೇ ಎಂದು ತೋರಿಸಿತು. ಎಲ್ಲರೂ ನಿಜವಾಗಿ ‘ಜವಾಬ್ದಾರಿಯಿಂದ’ ಕುಡಿದುಬಿಟ್ಟರೆ ಉದ್ಯಮದ ಆದಾಯದಲ್ಲಿ ಐದರಲ್ಲಿ ಎರಡು ಪಾಲು ಹೋಗುತ್ತದೆ. ಎರಡನೆಯದು ಅಮೆರಿಕದ್ದು, 1997ರದು: 15 ವರ್ಷಕ್ಕೆ ಮುಂಚೆ ಕುಡಿಯಲು ಶುರು ಮಾಡಿದವರಲ್ಲಿ 40 ಪ್ರತಿಶತ ಮಂದಿ ಬದುಕಿನ ಒಂದಲ್ಲ ಒಂದು ಹಂತದಲ್ಲಿ ಕುಡಿತದ ದಾಸರಾಗಿದ್ದರು, 20 ದಾಟಿದ ಮೇಲೆ ಶುರು ಮಾಡಿದವರಲ್ಲಿ ಆ ಪ್ರಮಾಣ ಸುಮಾರು 10. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಬ್ಯಾಡಗಿಯ ಆ ಹುಡುಗ ಉದ್ಯಮಕ್ಕೆ ಇವತ್ತು ಎರಡು ಪಾಕೀಟಿನ ಗಿರಾಕಿ. ತಡೆಯದಿದ್ದರೆ ನಲವತ್ತು ವರ್ಷದ ಗಿರಾಕಿ. ನಮ್ಮ ರೈತರ ಭಾಷೆಯಲ್ಲಿ ಹೇಳುವುದಾದರೆ ಇದು ಬೀಜದ ವ್ಯಾಪಾರ. ರಾಣೆಬೆನ್ನೂರಿನವರಿಗೆ ಬೀಜದ ವ್ಯಾಪಾರವನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಮಾತು ಒಂದು, ನಡತೆ ಇನ್ನೊಂದು ಎಂಬುದಕ್ಕೆ ಸ್ಕಾಟ್ಲೆಂಡ್ ನೋಡಿ. ಅತಿ ಅಗ್ಗದ ಮದ್ಯವೇ ಅತಿ ಹೆಚ್ಚು ಹಾಳುಮಾಡುವುದು ಎಂದು ಅಲ್ಲಿನ ಸಂಸತ್ತು 2012ರಲ್ಲಿ ಕನಿಷ್ಠ ಬೆಲೆಯ ಕಾನೂನು ಮಾಡಿತು. ಸ್ಕಾಚ್ ವಿಸ್ಕಿ ತಯಾರಕರ ಸಂಘ ಕೋರ್ಟಿಗೆ ಹೋಯಿತು. ಕೆಳಗಿನ ಕೋರ್ಟು, ಮೇಲಿನ ಕೋರ್ಟು, ಯುರೋಪಿನ ಕೋರ್ಟು ಎಂದು ಸುತ್ತಿ 2017ರ ನವೆಂಬರಿನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟಿನಲ್ಲಿ ಸೋಲುವ ತನಕ ಐದು ವರ್ಷ ಕಾನೂನನ್ನು ನಿಲ್ಲಿಸಿತು. 2018ರ ಮೇ 1ರಂದು ಜಾರಿಗೆ ಬಂದ ಮೇಲೆ ಕುಡಿತದಿಂದಲೇ ಆಗುವ ಸಾವು 13 ಪ್ರತಿಶತಕ್ಕೂ ಮಿಕ್ಕಿ ಇಳಿಯಿತು ಎಂದು ಅಲ್ಲಿನ ಸಾರ್ವಜನಿಕ ಆರೋಗ್ಯ ಇಲಾಖೆ ಲೆಕ್ಕ ಹಾಕಿತು. ಹಾಗಾದರೆ ಆ ಐದು ವರ್ಷದಲ್ಲಿ ಸತ್ತವರ ಲೆಕ್ಕ ಯಾರ ಖಾತೆಗೆ?

ಇನ್ನು ಆ ಹುಡುಗನ ಕೆಂಪು ಅಂಗಿ. ಹಿಂದಿನ ಸಾಲಿನ ಕಾಲೇಜು ಮಕ್ಕಳಲ್ಲಿ ಇಬ್ಬರು ಮೂವರು ಅದನ್ನೇ ಹಾಕಿಕೊಂಡು ಬಂದಿದ್ದೀರಿ. ಹೆದರಬೇಡಿ, ಬೈಯುವುದಿಲ್ಲ, ‘ಈ ಸಲ ಕಪ್ ನಮ್ದೇ’ ಎಂದು ವರ್ಷಗಟ್ಟಲೆ ಕಾದವರಲ್ಲಿ ನಾನೂ ಒಬ್ಬ, ಕಪ್ ಬಂದ 2025ರ ಜೂನ್ 3ರ ರಾತ್ರಿ ನಮ್ಮ ಓಣಿಯಲ್ಲಿ ನಾನೇ ಪೇಢೆ ಹಂಚಿದ್ದೇನೆ. ಆದರೆ 2008ರಲ್ಲಿ ಮದ್ಯದ ಧಣಿ ವಿಜಯ್ ಮಲ್ಯ ಆ ಅಂಗಿಯ ಕ್ರಿಕೆಟ್ ತಂಡ ಕೊಂಡು ಇಟ್ಟ ಹೆಸರು ಅವರದೇ ಒಂದು ವಿಸ್ಕಿಯ ಹೆಸರಿನಿಂದ ಬಂದದ್ದು. ಟಿ.ವಿ.ಯಲ್ಲಿ ಮದ್ಯವನ್ನು ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ಪ್ರಚಾರ ಮಾಡಕೂಡದು ಎಂದು ಕೇಬಲ್ ಟಿ.ವಿ. ನಿಯಮವೇ ಇದೆ. ಅದಕ್ಕೇ ಸೋಡಾ, ನೀರಿನ ಬಾಟಲಿ, ಹಾಡಿನ ಸಿ.ಡಿ. ಎಲ್ಲ ವಿಸ್ಕಿಯ ಹೆಸರು ಹೊತ್ತು ಬಂದವು. ಹಾವೇರಿ ಬಜಾರಿನಲ್ಲಿ ಆ ಸಿ.ಡಿ. ಕೊಂಡವರನ್ನು ನಾನು ಕಂಡಿಲ್ಲ. ಅದು ಕೊಳ್ಳಲು ಇದ್ದದ್ದೂ ಅಲ್ಲ. ಆರನೆಯ ಇಯತ್ತೆಯ ಮಗು ಹೆಸರನ್ನು ಪ್ರೀತಿಯಿಂದ ಕಲಿಯುತ್ತದೆ. ಕಿಂಡಿಯ ಮುಂದೆ ನಿಂತ ದಿನ ಆ ಹೆಸರು ಅದಕ್ಕೆ ಹೊಸದಾಗಿರುವುದಿಲ್ಲ. ಉದ್ಯಮಕ್ಕೆ ಮಕ್ಕಳ ಮೇಲೆ ಕಾಳಜಿ ಇದ್ದರೆ ಮಕ್ಕಳ ಆಟದಿಂದ ತನ್ನ ಹೆಸರನ್ನು ತೆಗೆಯಲಿ. ಶಾಲೆಗೆ ಬಂದು ಉಪದೇಶ ಮಾಡುವ ತೊಂದರೆ ತೆಗೆದುಕೊಳ್ಳುವುದು ಬೇಡ.

ಈ ಭಾಷಣಕ್ಕೆ ತಯಾರಾಗುವಾಗ, ಬಹಳ ವರ್ಷ ಕೌಂಟರಿನಲ್ಲಿ ಕೆಲಸ ಮಾಡಿ ಬಿಟ್ಟ ಒಬ್ಬರನ್ನು ರಾಣೆಬೆನ್ನೂರಿನಲ್ಲಿ ಹುಡುಕಿಕೊಂಡು ಹೋಗಿ ಮಾತಾಡಿಸಿದೆ. ಹೆಸರು ಬೇಡ ಎಂದರು. ಸಣ್ಣ ಹುಡುಗರನ್ನು ಯಾಕೆ ತಿರುಗಿ ಕಳಿಸುವುದಿಲ್ಲ ಎಂದು ಕೇಳಿದೆ. ಚಹಾದ ಲೋಟ ಕೆಳಗಿಟ್ಟು ಹೇಳಿದರು: “ಸರ, ನಾ ಇಲ್ಲ ಅಂದ್ರ ಆ ಹುಡುಗ ಮನೀಗೆ ಹೋಗ್ತಾನಂತ ತಿಳದೀರೇನು? ಎದುರಿನ ಅಂಗಡೀಗೆ ಹೋಗ್ತಾನ. ಮಾಲಕರು ರಾತ್ರಿ ಗಲ್ಲಾ ಎಣಸ್ತಾರ. ತಿರುಗಿ ಕಳಿಸಿದ ಗಿರಾಕೀನ್ನ ಯಾರ ಎಣಸ್ತಾರ್ರಿ?”

ನಾನು ಓದಿದ ಎಷ್ಟೋ ವರದಿಗಳಿಗಿಂತ ಈ ಮಾತು ಗಟ್ಟಿ. ಉದ್ಯಮದ ಪ್ರತಿ ಹನಿಗೂ ಲೆಕ್ಕವಿದೆ. ಪ್ರತಿ ಪಾಕೀಟಿನ ಮೇಲೆ ಅಬಕಾರಿ ಚೀಟಿ, ಪ್ರತಿ ಪೆಟ್ಟಿಗೆಗೆ ಇನ್‌ವಾಯ್ಸು. ಮಾರಿದ್ದಕ್ಕೆ ಇಷ್ಟು ಪುಸ್ತಕ ಇರುವಾಗ ಮಾರದೇ ಬಿಟ್ಟದ್ದಕ್ಕೆ ಒಂದು ಪುಸ್ತಕ ಯಾಕಿಲ್ಲ? ಬ್ರಿಟನ್ನಿನ ಅಂಗಡಿಗಳಲ್ಲಿ ಇದೆ. 25ಕ್ಕಿಂತ ಚಿಕ್ಕವನಂತೆ ಕಂಡ ಯಾರನ್ನಾದರೂ ಗುರುತಿನ ಚೀಟಿ ಕೇಳುವುದು, ಇಲ್ಲದವನನ್ನು ವಾಪಸು ಕಳಿಸಿ ದಿನಾಂಕ, ವೇಳೆ ಬರೆದಿಡುವುದು ಅಲ್ಲಿ ರೂಢಿ. ತಿಂಗಳಿಡೀ ಒಬ್ಬನನ್ನೂ ತಿರುಗಿ ಕಳಿಸದ ಅಂಗಡಿಯ ಪುಸ್ತಕ ಖಾಲಿ ಇರುತ್ತದೆ, ತಪಾಸಣೆಗೆ ಬಂದವರಿಗೆ ಅದೇ ಸಾಕ್ಷಿ.

ಕೌಂಟರಿನ ಮಾತು ಬಂದದ್ದಕ್ಕೆ ಹಿಂಬಾಗಿಲಿನ ಮಾತನ್ನೂ ಹೇಳಿಬಿಡುತ್ತೇನೆ. ಕಿರಾಣಿ ಅಂಗಡಿಯಲ್ಲಿ ಅಕ್ರಮ ಮದ್ಯ, ಒಬ್ಬನ ಬಂಧನ ಎಂಬ ಸುದ್ದಿ ಪತ್ರಿಕೆಯ ಮೂಲೆಯಲ್ಲಿ ಆಗಾಗ ಬರುತ್ತದೆ. ಅದರಲ್ಲಿ ಒಂದು ಅಂಕಿ ಮೇಲಿಂದ ಮೇಲೆ ಕಾಣುತ್ತದೆ: 90 ಎಂ.ಎಲ್.ನ 96 ಪಾಕೀಟು, ಒಟ್ಟು 8.640 ಲೀಟರ್. ತೊಂಬತ್ತಾರೇ ಯಾಕೆ? ಅದು ಒಂದು ಪೂರಾ ಪೆಟ್ಟಿಗೆ. ಅಂದರೆ ಯಾವುದೋ ಲೈಸೆನ್ಸ್ ಅಂಗಡಿ ಒಡೆಯದ ಪೆಟ್ಟಿಗೆಯನ್ನೇ ಬೈಕಿನ ಮೇಲೆ ಏರಿಸಿ ಕಳಿಸಿದೆ. ಸಿಕ್ಕಿಬೀಳುವವನು ಗೂಡಂಗಡಿಯ ಬಡಪಾಯಿ. ಪೆಟ್ಟಿಗೆ ಕೊಟ್ಟವನ ಹೆಸರು ಸುದ್ದಿಯಲ್ಲಿ ನಾನು ಓದಿದ್ದು ಅಪರೂಪ. ಹಳ್ಳಿಯಲ್ಲಿ ಚಾಕಲೇಟಿನ ಬರಣಿ ಇರುವ ಅಂಗಡಿಯಲ್ಲೇ ಪಾಕೀಟೂ ಸಿಗುವಾಗ, ಪಟ್ಟಣದ ಕಿಂಡಿಗೆ ಎಷ್ಟು ಕಾವಲು ಹಾಕಿದರೂ ಅಷ್ಟೇ.

ಹಾಗಾದರೆ ಪೂರ್ತಿ ಬಂದ್ ಮಾಡಿ ಎಂದು ತಾಯಂದಿರು ಕೇಳುತ್ತಾರೆ. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿನ ತನಕ ನಡೆದೇ ಹೋದರು. ನಮ್ಮೂರ ಮುಂದೆ ಹಾಯುವ ಇದೇ ಹೆದ್ದಾರಿ, ಇನ್ನಷ್ಟು ಮುಂದಕ್ಕೆ. ಅವರಿಗೆ ಎದುರು ನಿಂತು ವಾದಿಸುವ ಯೋಗ್ಯತೆ ನನಗಿಲ್ಲ. ಉದ್ಯಮ ಮಾತ್ರ ಕೂಡಲೇ ಕಳ್ಳಬಟ್ಟಿಯ ಗುಮ್ಮ ತೋರಿಸುತ್ತದೆ. ಗುಮ್ಮ ಪೂರಾ ಸುಳ್ಳಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ ವಿಷಮದ್ಯ ಕುಡಿದು ಸತ್ತರು. ಸಾರಾಯಿ ನಿಂತ ಮರುವರ್ಷ, 2008ರ ಮೇ ತಿಂಗಳಲ್ಲಿ, ಕರ್ನಾಟಕ ಮತ್ತು ತಮಿಳುನಾಡಿನ ಗಡಿಯಲ್ಲಿ ನೂರೈವತ್ತರ ಮೇಲೆ. ಆದರೆ ಹದಿನಾಲ್ಕು ವರ್ಷದ ಹುಡುಗನಿಗೆ ಮಾರಬೇಡ ಎಂದರೆ ಯಾರೂ ಕಳ್ಳಬಟ್ಟಿ ಕುಡಿದು ಸಾಯುವುದಿಲ್ಲ. ದೊಡ್ಡ ವಾದ ಮುಗಿಯಲಿ ಎಂದು ಸಣ್ಣ ಕೆಲಸ ಕಾಯಬೇಕಿಲ್ಲ.

ಧರ್ಮಸ್ಥಳದವರ ಮದ್ಯವರ್ಜನ ಶಿಬಿರಗಳಿವೆ, ಧಾರವಾಡದಲ್ಲಿ ಡಿಮ್ಹಾನ್ಸ್ ಆಸ್ಪತ್ರೆ ಇದೆ. ಬಿದ್ದವರನ್ನು ಎತ್ತುವ ಕೆಲಸ ಅವರು ಮಾಡುತ್ತಿದ್ದಾರೆ. ನಿಮ್ಹಾನ್ಸ್‌ನ ವಿವೇಕ್ ಬೆನಗಲ್ ಮತ್ತು ಸಂಗಡಿಗರು, ಕುಡಿತದಿಂದ ಸಮಾಜಕ್ಕೆ ಬೀಳುವ ಹೊರೆ ಸರ್ಕಾರಕ್ಕೆ ಬರುವ ತೆರಿಗೆಗಿಂತ ಹೆಚ್ಚು ಎಂದು ಇದೇ ಕರ್ನಾಟಕದ ಲೆಕ್ಕ ಹಿಡಿದು ತೋರಿಸಿ ಇಪ್ಪತ್ತು ವರ್ಷದ ಮೇಲಾಯಿತು. ಆ ಲೆಕ್ಕವನ್ನು ಓದಬೇಕಾದವರು ಬಜೆಟ್ ಬರೆಯುವವರು.

ನಮ್ಮ ಕೈಯಲ್ಲಿ ಆಗುವುದು ಒಂದಿದೆ. ಖಾಸಗಿ ಅಂಗಡಿಗೆ ನಾವು ಹೇಳಿದರೆ ಕೇಳಲಿಕ್ಕಿಲ್ಲ. ಸರ್ಕಾರಿ ಅಂಗಡಿ ಕೇಳಲೇಬೇಕು. ಜಿಲ್ಲೆಯ ಎಂಎಸ್‌ಐಎಲ್ ಮದ್ಯದ ಅಂಗಡಿಗಳಲ್ಲಿ ಕಿಂಡಿಯನ್ನು ಮುಖ ಕಾಣುವಷ್ಟು ಎತ್ತರಿಸಬೇಕು, ವಯಸ್ಸಿನ ಚೀಟಿ ಕೇಳಬೇಕು, ತಿರುಗಿ ಕಳಿಸಿದ ಗಿರಾಕಿಗೆ ಒಂದು ರಿಜಿಸ್ಟರ್ ಇಡಬೇಕು, ಅದನ್ನು ಅಬಕಾರಿ ಅಧಿಕಾರಿಗಳು ತಿಂಗಳಿಗೊಮ್ಮೆ ನೋಡಿ ಸಹಿ ಹಾಕಬೇಕು. ಇಷ್ಟನ್ನೇ ಬರೆದ ಮನವಿಯನ್ನು ಜಿಲ್ಲಾಧಿಕಾರಿಗಳಿಗೆ ಕೊಡಲು ತಯಾರಿಸಿ ತಂದಿದ್ದೇನೆ. ರಿಜಿಸ್ಟರಿಗೆ ದುಡ್ಡಿಲ್ಲ ಎಂದರೆ ಮೊದಲ ವರ್ಷದ್ದು ನಾನೇ ಕೊಡಿಸುತ್ತೇನೆ. ಒಂದಕ್ಕೆ ಹೆಚ್ಚುಕಡಿಮೆ ಒಂದು ಪಾಕೀಟಿನಷ್ಟೇ ಬೆಲೆ.

ಮನವಿ ಬಾಗಿಲ ಬಳಿಯ ಮೇಜಿನ ಮೇಲಿದೆ. ಊಟಕ್ಕೆ ಏಳುವ ಮುಂಚೆ ಸಹಿ ಮಾಡಿ ಹೋಗಿ. 21 ತುಂಬದವರೂ ಮಾಡಬಹುದು.